ಎಪಿಐ ಟೆಸ್ಟ್ ಕಿಟ್: ಬಳ್ಳಾರಿಯ ನೀರು, ನಮ್ಮ ಮನೆಯ ಕೋರಿಗಳು

ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ವಸ್ತು, ಮೀನಿನ ಟ್ಯಾಂಕಿನ ನೀರು ಪರೀಕ್ಷಿಸುವ ಎಪಿಐ ಕಂಪನಿಯ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್. ಆನ್‌ಲೈನ್‌ನಲ್ಲಿ ತರಿಸಿದೆ, 3,800 ರೂಪಾಯಿ ಆಯಿತು. ಮೀನಿಗೇ ಅಷ್ಟು ದುಡ್ಡು ಕೊಟ್ಟಿಲ್ಲ, ನೀರು ನೋಡೋಕೆ ಇಷ್ಟಾ ಎಂದು ಮನೆಯವರು ಕೇಳಿದರು. ಅವರು ಕೇಳಿದ್ದು ಸರಿಯೇ. ಆದರೆ ಅಷ್ಟು ಹೊತ್ತಿಗೆ ನನ್ನ ಎಂಟು ಕೋರಿಗಳಲ್ಲಿ ಮೂರು ಸತ್ತುಹೋಗಿದ್ದವು.

ಕೋರಿ ಅಂದರೆ ಕೋರಿಡೋರಾಸ್. ದಕ್ಷಿಣ ಅಮೆರಿಕದ ಪುಟ್ಟ ಕ್ಯಾಟ್‌ಫಿಶ್. ತಳದಲ್ಲೇ ಓಡಾಡುತ್ತಾ ಮೀಸೆಯಿಂದ ಮರಳು ಕೆದಕುತ್ತಾ ಇರುತ್ತದೆ. ಒಂಟಿಯಾಗಿ ಇಟ್ಟರೆ ಮೂಲೆ ಸೇರುತ್ತದೆ, ಆರಾದರೂ ಇರಬೇಕು. ನನ್ನವು ಬ್ರಾಂಜ್ ಕೋರಿಗಳು, ಎರಡೂವರೆ ಅಡಿ ಟ್ಯಾಂಕಿನಲ್ಲಿ.

ಯುಗಾದಿಗೆ ಮನೆ ತೊಳೆಯುವಾಗ ಟ್ಯಾಂಕನ್ನೂ ತೊಳೆದೆ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗಿ ಬರುವ ತನಕ ಹಿಂಡಿ ಹಿಂಡಿ ತೊಳೆದೆ. ಅದೇ ತಪ್ಪು. ನಾಲ್ಕನೇ ದಿನಕ್ಕೆ ಕೋರಿಗಳು ತಳದಲ್ಲಿ ಕೂತು ಜೋರಾಗಿ ಉಸಿರಾಡುತ್ತಿದ್ದವು. ಮತ್ತೆ ಮತ್ತೆ ಮೇಲೆ ಹಾರಿ ಗಾಳಿ ನುಂಗುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಗಾಳಿ ನುಂಗುವುದು ಅವುಗಳ ಸಹಜ ಗುಣ, ಕರುಳಿನಿಂದಲೂ ಆಮ್ಲಜನಕ ಹೀರಿಕೊಳ್ಳುತ್ತವೆ. ಆದರೆ ನಿಮಿಷಕ್ಕೆ ಎರಡು ಮೂರು ಸಲ ಹಾರಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಎರಡರ ಹೊಟ್ಟೆಯ ಮೇಲೆ ಕೆಂಪು ಕಲೆ ಬೇರೆ ಇತ್ತು.

ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಒಂದು ಅಂಗಡಿಗೆ ಹೋದೆ. ನೋಡಿದ ತಕ್ಷಣ ಫಂಗಸ್ ಅಂದರು, ಹಸಿರು ಬಣ್ಣದ ಔಷಧಿ ಕೊಟ್ಟರು. ನೀರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಾಟಲಿ ಮೇಲಿದ್ದಷ್ಟು ಪೂರ್ತಿ ಹಾಕಿದೆ. ಹೀಗೆ ಮಲಕೈಟ್ ಗ್ರೀನ್ ಎಂಬ ಹಸಿರು ರಾಸಾಯನಿಕ ಇರುವ ಔಷಧಿಯನ್ನು ಕೋರಿಗಳಿಗೆ ಅರ್ಧ ಡೋಸ್‌ನಿಂದ ಶುರು ಮಾಡಬೇಕು ಎಂದು ಅನುಭವಸ್ಥರು ಹೇಳುತ್ತಾರೆ, ಆಗ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎರಡು ಹೋಗಿದ್ದವು. ಸಂಜೆ ಇನ್ನೊಂದು. ಮಗಳು ಆ ದಿನ ಊಟ ಮಾಡಲಿಲ್ಲ.

ಕಿಟ್ ಬಂದ ದಿನ ಮೊದಲು ಮಾಡಿದ್ದು ನೈಟ್ರೈಟ್ ಟೆಸ್ಟ್. ಗಾಜಿನ ನಳಿಗೆಯಲ್ಲಿ 5 ಮಿಲಿ ನೀರು, 5 ಹನಿ, 5 ನಿಮಿಷ. ಒಳ್ಳೆಯ ನೀರಾದರೆ ತಿಳಿ ನೀಲಿ ಇರಬೇಕು. ನಮ್ಮದು ನೇರಳೆ ಹಣ್ಣಿನ ರಸದ ಹಾಗೆ ಆಯಿತು. ಕಿಟ್ ಜೊತೆ ಬರುವ ಬಣ್ಣದ ಕಾರ್ಡಿನ ಪಕ್ಕ ಹಿಡಿದರೆ 2ಕ್ಕೆ ಹೊಂದುತ್ತಿತ್ತು. ಇರಬೇಕಾದ್ದು ಸೊನ್ನೆ. ಸ್ಪಾಂಜಿನಲ್ಲಿ ಇದ್ದ ಒಳ್ಳೆಯ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುತ್ತದೆ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಅದನ್ನೆಲ್ಲ ನಾನೇ ತೊಳೆದು ಹಾಕಿದ್ದೆ. ನೈಟ್ರೈಟ್ ಮೀನಿನ ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಇದಕ್ಕೆ ಫಂಗಸ್ ಔಷಧಿ ಹಾಕಿ ಏನು ಪ್ರಯೋಜನ, ಹೇಳಿ?

ಔಷಧಿ ನಿಲ್ಲಿಸಿದೆ. ದಿನಾ ಮೂರನೇ ಒಂದು ಪಾಲು ನೀರು ಬದಲಿಸಿದೆ. ಎರಡು ದಿನ ಊಟ ಹಾಕಲಿಲ್ಲ, ಆಮೇಲೂ ಚಿಟಿಕೆಯಷ್ಟೇ. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇನ್ನೊಂದು ಬಿಟ್ಟೆ. ಗೆಳತಿಯ ಟ್ಯಾಂಕಿನಿಂದ ಕೊಳಕು ಸ್ಪಾಂಜಿನ ಒಂದು ತುಂಡು ಬೇಡಿ ತಂದು ಫಿಲ್ಟರಿನಲ್ಲಿ ಸೇರಿಸಿದೆ. ಸಂಜೆ ಸಂಜೆ ಮಗಳೇ ನಳಿಗೆ ಹಿಡಿದು ಬಣ್ಣ ನೋಡುತ್ತಿದ್ದಳು. ಹನ್ನೊಂದನೇ ದಿನ ನೀಲಿ ಬಂತು. ಉಳಿದ ಐದೂ ಬದುಕಿದವು, ಹೊಟ್ಟೆಯ ಕೆಂಪು ತಾನಾಗೇ ಮಾಯವಾಯಿತು.

ನಮ್ಮ ಊರಿನವರಿಗೆ ಈ ಕಿಟ್‌ನಲ್ಲಿ ಇನ್ನೊಂದು ಉಪಯೋಗ ಇದೆ. ಅಲ್ಲೀಪುರ ಕೆರೆಯ ನೀರು ನಲ್ಲಿಗೆ ದಿನಾ ಬರುವುದಿಲ್ಲ, ಸಂಪು ಖಾಲಿಯಾದರೆ ಬೋರ್‌ವೆಲ್ಲೇ ಗತಿ ಅಲ್ವಾ. ನಮ್ಮ ಮನೆಯ ಬೋರ್ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಮೇಲೆ. ಕಿಟ್‌ನಲ್ಲಿ ಪಿಎಚ್‌ಗೆ ಎರಡು ಬಾಟಲಿ ಇವೆ. ಮೊದಲನೆಯದು 7.6ಕ್ಕೆ ನಿಲ್ಲುತ್ತದೆ, ಅದನ್ನೇ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಹೈ ರೇಂಜ್ ಎಂದು ಬರೆದಿರುವ ಬಾಟಲಿಯಿಂದಲೂ ನೋಡಿ. ಇದು ಯಾಕೆ ಮುಖ್ಯ ಅಂದರೆ, ಅಮೋನಿಯಾದ ವಿಷ ಪಿಎಚ್ ಮತ್ತು ಬಿಸಿ ಎರಡರ ಜೊತೆಗೂ ಏರುತ್ತದೆ. ಪಿಎಚ್ 7, ನೀರು 25 ಡಿಗ್ರಿ ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8, ನೀರು 30 ಡಿಗ್ರಿ ಆದರೆ ನೂರಕ್ಕೆ 7ರಷ್ಟು. ಹಾಗಾಗಿ ಕಾರ್ಡಿನಲ್ಲಿ ಕಾಣುವ ಅಮೋನಿಯಾ 0.5 ಬೇರೆ ಊರಿನವರಿಗೆ ಸಣ್ಣದು ಇರಬಹುದು, ಮೇ ತಿಂಗಳಲ್ಲಿ ಬಳ್ಳಾರಿಯವರಿಗೆ ಅಲ್ಲ.

ಬಿಸಿಲಿಗೆ ನಾನು ಮಾಡುವುದು ಇಷ್ಟೇ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಗಾಳಿ ಹಾಯುವ ಹಾಗೆ ಸಣ್ಣ ಟೇಬಲ್ ಫ್ಯಾನ್ ಇಡುತ್ತೇನೆ. ನಮ್ಮ ಟ್ಯಾಂಕಿನಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆವಿಯಾಗಿ ಕಡಿಮೆಯಾಗುತ್ತದೆ, ತುಂಬಿಸುತ್ತಾ ಇರಬೇಕು.

ಕಿಟ್‌ಗೆ ಕಾಣದ ವಿಷಯವೂ ಇದೆ. ಹೋದ ವರ್ಷ ಎಲ್ಲ ಬಣ್ಣ ಸರಿ ಇದ್ದರೂ ಕೋರಿಗಳ ಮೀಸೆ ಸವೆಯತೊಡಗಿತು. ಕಾರಣ ತಳದ ಬಣ್ಣದ ಕಲ್ಲು. ಅಂಚು ಮೊನಚು, ಸಂದಿಯಲ್ಲಿ ಕೊಳೆತ ಊಟ. ಕಲ್ಲು ತೆಗೆದು ನುಣ್ಣನೆಯ ಹೊಳೆ ಮರಳನ್ನು ಜರಡಿ ಹಿಡಿದು, ಹತ್ತು ಸಲ ತೊಳೆದು ಹಾಕಿದೆ. ಬುಡ ಉಳಿದಿದ್ದರಿಂದ ಮೀಸೆ ಮತ್ತೆ ಬೆಳೆಯಿತು. ಮನೆ ಕಟ್ಟುವ ಎಂ-ಸ್ಯಾಂಡ್ ಮಾತ್ರ ಹಾಕಬೇಡಿ. ಅದು ಒಡೆದ ಕಲ್ಲು, ಮರಳಿನ ಹಾಗೆ ದುಂಡಗೆ ಇರುವುದಿಲ್ಲ.

ನೀರಿನ ಗಡಸುತನ ನೋಡುವ ಟೆಸ್ಟ್ ಈ ಡಬ್ಬಿಯಲ್ಲಿ ಇಲ್ಲ. ಬೋರ್ ನೀರು ಬಳಸುವವರು ಅದನ್ನು ಬೇರೆ ಕೊಳ್ಳಬೇಕು. ನೈಟ್ರೇಟ್ ಟೆಸ್ಟ್‌ಗೆ ತಾಳ್ಮೆ ಬೇಕು. ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ನಳಿಗೆಯನ್ನು ಒಂದು ನಿಮಿಷ. ಸುಮ್ನೆ ಎರಡು ಸಲ ಅಲ್ಲಾಡಿಸಿದರೆ ನೈಟ್ರೇಟ್ ಕಡಿಮೆ ತೋರಿಸುತ್ತದೆ. ಬಣ್ಣವನ್ನು ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಕಿಟಕಿ ಹತ್ತಿರ ಬಿಳಿ ಕಾರ್ಡಿಗೆ ತಾಗಿಸಿ ನೋಡಿ. ಹನಿಗಳು ಕೈಗೆ ತಾಗದಿರಲಿ, ಮಕ್ಕಳು ಮಾಡುವಾಗ ಪಕ್ಕದಲ್ಲೇ ಇರಿ.

ಪೂರ್ತಿ ಡಬ್ಬಿ ದುಬಾರಿ ಅನಿಸಿದರೆ ಅಮೋನಿಯಾ, ನೈಟ್ರೈಟ್ ಎರಡೇ ಬಿಡಿಯಾಗಿ ಸಿಗುತ್ತವೆ, ಅವನ್ನಾದರೂ ತನ್ನಿ. ಇಬ್ಬರು ಮೂವರು ಸೇರಿ ಒಂದೇ ಕೊಂಡರೂ ಆಗುತ್ತದೆ. ದಿನಾ ನೋಡುವ ಕೆಲಸ ಇರುವುದು ಮೀನು ಕಾಯಿಲೆ ಬಿದ್ದಾಗ ಮಾತ್ರ, ಉಳಿದಂತೆ ವಾರಕ್ಕೊಮ್ಮೆ ಸಾಕು. ನನ್ನ ಡಬ್ಬಿ ಈಗ ಗೆಳತಿಯ ಮನೆಯಲ್ಲಿದೆ. ಅವಳ ಗಪ್ಪಿಗಳು ಎರಡು ದಿನದಿಂದ ಮಂಕಾಗಿವೆ.