ಕಳ್ಳರ ಅಲಾರಂಗೆ ಫುಲ್ ಮಾರ್ಕ್ಸ್, ಬೆಂಕಿಯದ್ದಕ್ಕೆ ಸೊನ್ನೆ

ಮನೆಗೆ ಸೆಕ್ಯುರಿಟಿ ಅಲಾರಂ, ಜೊತೆಗೆ ಫೈರ್ ಅಲಾರಂ ಹಾಕಿಸಿ ಏಳು ತಿಂಗಳಾಯ್ತು. ಹಾಕಿಸಿದ ವಾರದಲ್ಲೇ ರಿವ್ಯೂ ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಸದ್ಯ, ಬರೆಯಲಿಲ್ಲ. ಈಗ ಮೂರು. ಅದರಲ್ಲೂ ಒಂದು, ಎರಡನೇ ಸಲ ಬಂದ ಹುಡುಗನಿಗೆ.

ಬಾಗಿಲು, ಕಿಟಕಿ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಾರೆ, ಅದನ್ನು ಹೇಳಲೇಬೇಕು. ಬಾಗಿಲಿನ ಸೆನ್ಸರ್ ಅಂದರೆ ದೊಡ್ಡ ವಿದ್ಯೆ ಏನಲ್ಲ, ಚೌಕಟ್ಟಿಗೆ ಒಂದು ಪುಟ್ಟ ಸ್ವಿಚ್, ಬಾಗಿಲಿಗೆ ಒಂದು ಆಯಸ್ಕಾಂತ, ಎರಡೂ ದೂರವಾದರೆ ಪ್ಯಾನೆಲ್‌ಗೆ, ಅಂದರೆ ಎಲ್ಲ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಮುಖ್ಯ ಪೆಟ್ಟಿಗೆಗೆ, ಸುದ್ದಿ ಹೋಗುತ್ತದೆ. ನಮ್ಮ ಹಿಂದಿನ ಬಾಗಿಲು ತೇವಕ್ಕೆ ಉಬ್ಬಿ ಸರಿಯಾಗಿ ಕೂರುವುದಿಲ್ಲ. ನಾನು ಹೇಳುವ ಮೊದಲೇ ಅದನ್ನು ಗಮನಿಸಿ, ಆಯಸ್ಕಾಂತದ ಕೆಳಗೆ ತೆಳು ಪಟ್ಟಿ ಕೊಟ್ಟು ಸಂದು ಕಡಿಮೆ ಮಾಡಿದರು. ಹಾಲ್‌ನ ಮೋಷನ್ ಸೆನ್ಸರ್ ಕಿಟಕಿಗೆ ಮುಖ ಮಾಡದ ಹಾಗೆ ಮೂಲೆಯಲ್ಲಿ ಕೂರಿಸಿದರು. ಅದು ಹಿಡಿಯುವುದು ಶಾಖದ ಓಡಾಟವನ್ನು, ಹಾಗಾಗಿ ಬಿಸಿಲಿಗೆ ಕಾದ ಪರದೆ ಅಲ್ಲಾಡಿದರೂ ಏಮಾರಬಹುದು. ಇಷ್ಟಕ್ಕೇ ಅರ್ಧ ದಿನ ಹಿಡಿಯಿತು. ಒಂದು ಸುಳ್ಳು ಅಲಾರಂ ಬಂದಿಲ್ಲ.

ಆಮೇಲೆ ಹೊಗೆ ಸೆನ್ಸರ್. "ಇದು ಪ್ಯಾಕೇಜಲ್ಲೇ ಬರುತ್ತೆ ಸಾರ್" ಅಂದರು, ಹತ್ತು ನಿಮಿಷದಲ್ಲಿ ಎರಡು ಅಂಟಿಸಿ ಏಣಿ ಮಡಚಿದರು. ಒಂದು ಅಡುಗೆಮನೆ ಬಾಗಿಲ ನೆತ್ತಿಯ ಮೇಲೆ, ಇನ್ನೊಂದು ಪ್ಯಾಸೇಜಿನಲ್ಲಿ ಗೋಡೆ ಮತ್ತು ಚಾವಣಿ ಸೇರುವ ಮೂಲೆಗೆ ಒತ್ತಿ. ಬಟನ್ ಒತ್ತಿ ತೋರಿಸಿದರು, ಕೂಗಿತು, ನಾನೂ ಸೈನ್ ಹಾಕಿದೆ.

ಅಡುಗೆಮನೆಯದ್ದು ಮೂರನೇ ದಿನದಿಂದ ಶುರು. ಬಾಣಲೆ ಸ್ವಲ್ಪ ಜಾಸ್ತಿ ಕಾದರೆ ಸಾಕು, ಇಡೀ ಮನೆ ಕಿವಿ ಮುಚ್ಚಿಕೊಳ್ಳಬೇಕು. ಅಮ್ಮ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪೇಪರ್ ಹಿಡಿದು ಅದರ ಕೆಳಗೆ ನಿಂತು ಬೀಸುವುದು ದಿನದ ಕೆಲಸವಾಯ್ತು. ಕಂಪನಿಗೆ ಫೋನ್ ಮಾಡಿದರೆ ಬಂದ ಉತ್ತರ, "ಆ ಝೋನ್ ಬೈಪಾಸ್ ಮಾಡ್ಕೊಳ್ಳಿ ಸಾರ್." ಅಂದರೆ ಫೈರ್ ಅಲಾರಂ ಆಫ್ ಮಾಡಿಕೊಳ್ಳಿ ಅಂತ! ತಪ್ಪು ನನ್ನದೂ ಇದೆ, ಹಾಗೇ ಮಾಡಿದೆ. ಸೆನ್ಸರ್ ಬಿಚ್ಚಿ ಡ್ರಾಯರ್‌ನಲ್ಲಿಟ್ಟೆ. ಎರಡು ತಿಂಗಳು ಅಲ್ಲೇ ಮಲಗಿತ್ತು. ಪ್ಯಾಸೇಜಿನದ್ದು ಒಂದು ಇದೆಯಲ್ಲ ಅಂತ ಸುಮ್ನಿದ್ದೆ.

ಪ್ಯಾನೆಲ್ ಬ್ಯಾಟರಿ ನೋಡಲು ಬೇರೆ ಹುಡುಗ ಬಂದ. ಅವನೇ ಏಣಿ ಹತ್ತಿ ಪ್ಯಾಸೇಜಿನ ಸೆನ್ಸರ್ ಇಳಿಸಿದ, ನೋಡಿದ, ನಕ್ಕ, ನನ್ನ ಕೈಗೆ ಕೊಟ್ಟ. ಅದರ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು! ಫಿಟ್ ಮಾಡುವಾಗ ಧೂಳು ಹೋಗದಿರಲಿ ಅಂತ ಹಾಕುವ ಮುಚ್ಚಳ ಅದು, ಕೆಲಸ ಮುಗಿದ ಮೇಲೆ ತೆಗೆಯಬೇಕು. ಅದಿದ್ದರೆ ಹೊಗೆ ಒಳಗೆ ಹೋಗುವುದೇ ಇಲ್ಲ. ಬಟನ್ ಒತ್ತಿದರೆ ಕೂಗುತ್ತದೆ ನಿಜ, ಆದರೆ ಬಟನ್ ನೋಡುವುದು ಒಳಗಿನ ಸರ್ಕ್ಯೂಟ್ ಮತ್ತು ಸೈರನ್ ಅನ್ನು ಮಾತ್ರ, ಹೊಗೆ ಒಳಗೆ ಬರುತ್ತದಾ ಅನ್ನುವುದನ್ನಲ್ಲ. ಅಂದರೆ ನಮ್ಮ ಮನೆಯಲ್ಲಿ ಒಂದು ಸುಮ್ ಸುಮ್ನೆ ಕೂಗುತ್ತಿತ್ತು, ಇನ್ನೊಂದು ಮನೆ ಸುಟ್ಟರೂ ಬಾಯಿ ಬಿಡುತ್ತಿರಲಿಲ್ಲ.

ಅವನು ಒಂದು ಗಂಟೆ ಕೂತು ಎಲ್ಲ ಬದಲಿಸಿದ. ಅಡುಗೆಮನೆಗೆ ಹೊಗೆಯದ್ದು ಬೇಡ, ಶಾಖದ್ದು ಹಾಕೋಣ ಅಂದ. ಅದು ಸುಮಾರು 57 ಡಿಗ್ರಿ ದಾಟಿದರೆ ಮಾತ್ರ ಕೂಗುತ್ತದಂತೆ, ಹಾಗಾಗಿ ದಿನದ ಹೊಗೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಗೆಯದ್ದು ಒಲೆಯಿಂದ ಕಡಿಮೆ ಅಂದರೂ 3 ಮೀಟರ್ ದೂರ ಇರಬೇಕು. ಪ್ಯಾಸೇಜಿನದ್ದನ್ನು ಮೂಲೆಯಿಂದ ಈಚೆಗೆ ತಂದ, ಆ ಸಂದಿಯಲ್ಲಿ ಗಾಳಿ ಆಡದೆ ಹೊಗೆ ತಡವಾಗಿ ತಲುಪುತ್ತದಂತೆ. ಡ್ರಾಯರ್‌ನಲ್ಲಿದ್ದದ್ದು ಅಮ್ಮನ ರೂಮಿಗೆ ಹೋಯಿತು, ಏಕೆಂದರೆ ಅವರು ಬಾಗಿಲು ಹಾಕಿಕೊಂಡು ಮಲಗುತ್ತಾರೆ, ನಿದ್ದೆಯಲ್ಲಿ ಹೊಗೆ ವಾಸನೆ ಎಬ್ಬಿಸುತ್ತದೆ ಅಂತ ನಂಬುವ ಹಾಗಿಲ್ಲ. ಕೊನೆಗೆ ಡಬ್ಬಿಯಿಂದ ಟೆಸ್ಟ್ ಹೊಗೆ ಸ್ಪ್ರೇ ಮಾಡಿ ಹೊಗೆಯದ್ದು ಎರಡನ್ನೂ ಕೂಗಿಸಿದ, ಹಿಂಬದಿಯಲ್ಲಿ ಅಚ್ಚಾಗಿದ್ದ ತಯಾರಿಕೆ ದಿನಾಂಕ ತೋರಿಸಿ ಹತ್ತು ವರ್ಷಕ್ಕೆ ಬದಲಿಸಿ ಅಂದ. ಇದನ್ನೆಲ್ಲ ಮೊದಲನೇ ದಿನವೇ ಮಾಡಬಹುದಿತ್ತಲ್ವಾ?

ಇನ್ನೊಂದು ವಿಷಯ. ಕರೆಂಟ್ ಹೋದರೆ ಪ್ಯಾನೆಲ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಸರಿ. ಆದರೆ ವೈಫೈ ರೌಟರ್ ಸತ್ತಿರುತ್ತದೆ, ಮೊಬೈಲಿಗೆ ಏನೂ ಬರುವುದಿಲ್ಲ. ಪ್ಯಾನೆಲ್‌ನಲ್ಲಿ ಸಿಮ್ ಹಾಕುವ ಜಾಗ ಇದೆ, ಖಾಲಿ ಬಿಟ್ಟಿದ್ದರು. ಈಗ ಹಾಕಿಸಿದ್ದೇನೆ.

ಕಿತ್ತಳೆ ಮುಚ್ಚಳ ಡ್ರಾಯರ್‌ನಲ್ಲೇ ಇಟ್ಟುಕೊಂಡಿದ್ದೇನೆ. ಸರ್ವೀಸಿಗೆ ಅಂತ ಮೊದಲು ಬಂದವರೇ ಬಂದರೆ ಟೀ ಬದಲು ಅದನ್ನು ಮುಂದಿಡೋಣ ಅಂತ.