ಗ್ರೇಡಲ್: ಆರು ವರ್ಷಗಳ ಬಳಕೆಯ ನಂತರ ಒಂದು ವಿಮರ್ಶೆ

ಬರೆದ ಕೋಡನ್ನು ಓಡಬಲ್ಲ ತಂತ್ರಾಂಶವಾಗಿ ಕಟ್ಟುವ ಕೆಲಸಕ್ಕೆ ‘ಬಿಲ್ಡ್’ ಎನ್ನುತ್ತಾರೆ; ಮೇವನ್, ಗ್ರೇಡಲ್ ಎರಡೂ ಅದನ್ನು ಮಾಡಿಕೊಡುವ ಸಾಧನಗಳು. ಜಾವಾದಲ್ಲಿ ಬರೆದ, ಅರವತ್ತಕ್ಕೂ ಮೀರಿದ ಮಾಡ್ಯೂಲುಗಳಿರುವ (ಬೇರೆ ಬೇರೆಯಾಗಿ ಕಟ್ಟಿ ಜೋಡಿಸುವ ಭಾಗಗಳಿರುವ) ನಮ್ಮ ಯೋಜನೆಯನ್ನು 2019ರಲ್ಲಿ ಮೇವನ್‌ನಿಂದ ಗ್ರೇಡಲ್‌ಗೆ ಸ್ಥಳಾಂತರಿಸಿದಾಗ, ಅದಕ್ಕಾಗಿ ನಡೆದ ಸಭೆಗಳಲ್ಲೆಲ್ಲ ಮಾತು ನಡೆದದ್ದು ಬಿಲ್ಡ್ ಎಷ್ಟು ಬೇಗ ಮುಗಿಯುತ್ತದೆ ಎಂಬುದರ ಸುತ್ತಲೇ. ವೇಗ ಹೆಚ್ಚಿತು, ನಿಜ. ಆದರೆ ಎರಡು ತಿಂಗಳಲ್ಲಿ ಎಲ್ಲರೂ ಅದಕ್ಕೆ ಒಗ್ಗಿಹೋಗಿ ಮತ್ತೆ ‘ಬಿಲ್ಡ್ ನಿಧಾನ’ ಎಂದು ಗೊಣಗತೊಡಗಿದರು. ನಾನು ಇಂದಿಗೂ ಈ ಸಾಧನವನ್ನು ಬಿಡದೆ ಇಟ್ಟುಕೊಂಡಿರುವುದಕ್ಕೆ ಕಾರಣ ಬೇರೆ. ಒಂದು ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಇಂಥದೇ ಆವೃತ್ತಿ ನಮ್ಮ ತಂತ್ರಾಂಶದೊಳಗೆ ಯಾವ ದಾರಿಯಿಂದ, ಯಾರ ಬೆನ್ನುಹತ್ತಿ ಬಂತು ಎಂದು ಕೇಳಿದರೆ ಇದು ಹೇಳುತ್ತದೆ. ಆ ಉತ್ತರ ನಮಗೆ ಹಿಡಿಸದಿದ್ದರೆ ಅದನ್ನು ಒಂದೇ ಕಡೆಯಲ್ಲಿ ಬದಲಿಸಲು ಬಿಡುತ್ತದೆ. ದೊಡ್ಡ ಯೋಜನೆಯನ್ನು ನೋಡಿಕೊಳ್ಳುವವರಿಗೆ ಬಿಲ್ಡ್ ಸಾಧನದಿಂದ ಮೊದಲು ಬೇಕಾದದ್ದು ಇದೇ ಎಂದು ನಾನು ತಿಳಿದಿದ್ದೇನೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮೇವನ್‌ನ 1.0 ಆವೃತ್ತಿ 2004ರಲ್ಲಿ ಬಂತು, ಗ್ರೇಡಲ್‌ನದು 2012ರಲ್ಲಿ. ಮರುವರ್ಷ ಗೂಗಲ್ ಪ್ರಕಟಿಸಿದ ಆಂಡ್ರಾಯ್ಡ್ ಸ್ಟುಡಿಯೋ ಗ್ರೇಡಲ್‌ ಅನ್ನೇ ನೆಚ್ಚಿಕೊಂಡದ್ದರಿಂದ ಮೊಬೈಲ್ ತಂತ್ರಾಂಶ ಬರೆಯುವವರಿಗೆಲ್ಲ ಅದು ಅನಿವಾರ್ಯವಾಯಿತು. ಮೇವನ್‌ನಲ್ಲಿ ಬಿಲ್ಡ್ ಎಂದರೆ ಎಕ್ಸ್‌ಎಂಎಲ್‌ನಲ್ಲಿ ತುಂಬಿಸಿದ ಒಂದು ಅರ್ಜಿ ನಮೂನೆ. ಗ್ರೇಡಲ್‌ನಲ್ಲಿ ಅದು ಗ್ರೂವಿ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆದ ನಿಜವಾದ ಪ್ರೋಗ್ರಾಮು. ಈ ವ್ಯತ್ಯಾಸದ ಒಳಿತು ಕೆಡಕುಗಳೆರಡನ್ನೂ ಮುಂದೆ ಹೇಳುತ್ತೇನೆ.

ಅವಲಂಬನೆಗಳ, ಅಂದರೆ ಯೋಜನೆ ನೆಚ್ಚಿಕೊಂಡ ಲೈಬ್ರರಿಗಳ, ವಿಷಯದಲ್ಲಿ ಎರಡೂ ಸಾಧನಗಳ ನಡುವಿನ ಮೂಲಭೂತ ಭಿನ್ನತೆ ಇರುವುದು ಆವೃತ್ತಿಗಳ ಜಗಳವನ್ನು ಬಿಡಿಸುವ ರೀತಿಯಲ್ಲಿ. ನಾವು ಬಳಸುವ ಒಂದು ಲೈಬ್ರರಿಗೆ ಗ್ವಾವಾ ಎಂಬ ಮತ್ತೊಂದು ಲೈಬ್ರರಿಯ 20ನೆಯ ಆವೃತ್ತಿ ಬೇಕು, ಇನ್ನೊಂದಕ್ಕೆ 31ನೆಯದು ಬೇಕು ಎಂದುಕೊಳ್ಳೋಣ. ಮೇವನ್ ಅವಲಂಬನೆಗಳ ಮರದಲ್ಲಿ ಬೇರಿಗೆ, ಅಂದರೆ ನಮ್ಮ ಯೋಜನೆಗೆ, ಯಾವುದು ಹತ್ತಿರವೋ ಅದನ್ನು ಆರಿಸುತ್ತದೆ. ಎರಡೂ ಸಮಾನ ದೂರದಲ್ಲಿದ್ದರೆ ಕಡತದಲ್ಲಿ ಯಾವುದನ್ನು ಮೊದಲು ಬರೆದಿದೆಯೋ ಅದರ ಮಾತು ನಡೆಯುತ್ತದೆ. ಅಂದರೆ, ಅಚ್ಚುಕಟ್ಟಾಗಿರಲಿ ಎಂದು ಯಾರೋ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿದರೂ ಸಾಕು, ಒಳಗಿನ ಆವೃತ್ತಿ ಬದಲಾಗಿ, ಬಿಲ್ಡ್ ನಿರ್ವಿಘ್ನವಾಗಿ ಮುಗಿದು, ತಂತ್ರಾಂಶ ಓಡುತ್ತಿರುವಾಗ ‘ಅಂಥ ಮೆಥಡ್ ಇಲ್ಲ’ ಎಂಬ ದೋಷ ತಲೆಯೆತ್ತಬಹುದು. ಗ್ರೇಡಲ್ ಈ ದೂರದ ಲೆಕ್ಕಕ್ಕೆ ಹೋಗದೆ, ಯಾರು ಕೇಳಿದ್ದರೂ ಸರಿ, ಕೇಳಿದವುಗಳಲ್ಲಿ ಅತಿ ಹೊಸದನ್ನು ಎತ್ತಿಕೊಳ್ಳುತ್ತದೆ. ಹಳೆಯ ಲೈಬ್ರರಿಗೆ ಹೊಸ ಆವೃತ್ತಿ ಒಗ್ಗುವ ಸಾಧ್ಯತೆ, ಹೊಸ ಲೈಬ್ರರಿಗೆ ಹಳೆಯದು ಒಗ್ಗುವ ಸಾಧ್ಯತೆಗಿಂತ ಹೆಚ್ಚಾದ್ದರಿಂದ ಈ ನಿಯಮ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ. ಆದರೂ ಇದು ನಿರಪಾಯಕಾರಿ ಎನ್ನಲಾರೆ: ಎಲ್ಲಿಂದಲೋ ಬಂದ ಪುಟ್ಟ ಸಹಾಯಕ ಲೈಬ್ರರಿಯೊಂದು, ಇಡೀ ಯೋಜನೆ ನಿಂತಿರುವ ಮುಖ್ಯ ಲೈಬ್ರರಿಯನ್ನು ನಮ್ಮನ್ನು ಕೇಳದೆಯೇ ಮುಂದಿನ ತಲೆಮಾರಿಗೆ ಎಳೆದೊಯ್ಯಬಲ್ಲುದು.

ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ‘ಡಿಪೆಂಡೆನ್ಸಿ ಇನ್‌ಸೈಟ್’ ಎಂಬ ಆದೇಶ. ಅದರ ನಿಜವಾದ ಬೆಲೆ ನನಗೆ ತಿಳಿದದ್ದು 2021ರ ಡಿಸೆಂಬರ್‌ನಲ್ಲಿ, ಲಾಗ್‌ಫೋರ್‌ಜೆ ಎಂಬ, ತಂತ್ರಾಂಶದ ಚಟುವಟಿಕೆಗಳ ದಾಖಲೆಯನ್ನು (ಲಾಗ್) ಬರೆದಿಡುವ ಲೈಬ್ರರಿಯ ದೋಷ ಬಯಲಾದಾಗ. ಆ ಲೈಬ್ರರಿಯ ಎರಡನೆಯ ತಲೆಮಾರಿನ, 2.14.1ರವರೆಗಿನ ಆವೃತ್ತಿಗಳಲ್ಲಿ, ಲಾಗ್‌ಗೆ ಹೋಗುವ ಸಾಲಿನೊಳಗೆ ಒಂದು ವಿಳಾಸವನ್ನು ಅಡಗಿಸಿ ಕಳುಹಿಸಿದರೆ ಹೊರಗಿನವರು ನಮ್ಮ ಸರ್ವರಿನಲ್ಲಿ ತಮ್ಮ ಕೋಡನ್ನು ಓಡಿಸಬಹುದಿತ್ತು. ನಮ್ಮ ಯಾವ ಮಾಡ್ಯೂಲೂ ಅದನ್ನು ನೇರವಾಗಿ ಬಳಸುವುದಿಲ್ಲ, ಆದ್ದರಿಂದ ನಮಗೆ ತೊಂದರೆಯಿಲ್ಲ ಎಂದು ಬೆಳಿಗ್ಗೆ ನಾನು ಬರೆದ ಮಿಂಚಂಚೆಯನ್ನು ಸಂಜೆಗೆ ಹಿಂತೆಗೆದುಕೊಳ್ಳಬೇಕಾಯಿತು. ಬೇರೊಂದು ಲೈಬ್ರರಿಯ ಬೆನ್ನ ಮೇಲೆ ಕುಳಿತು ಅದು ಎರಡು ಮಾಡ್ಯೂಲುಗಳೊಳಗೆ ಬಂದಿತ್ತು. ಯಾವುದು ಅದನ್ನು ತಂದಿತು, ಅದು ಕೇಳಿದ ಆವೃತ್ತಿ ಯಾವುದು, ಕೊನೆಗೆ ಸಿಕ್ಕಿದ್ದು ಯಾವುದು ಎಂಬುದೆಲ್ಲ ಆ ಒಂದು ಆದೇಶದ ಉತ್ತರದಲ್ಲಿ ಸಾಲುಸಾಲಾಗಿ ಇತ್ತು. ಸಾಮಾನ್ಯ ನಿರ್ಬಂಧಗಳ ಕಡತದಲ್ಲಿ ಇದಕ್ಕಿಂತ ಹಳೆಯದು ಬೇಡ ಎಂದು ಒಂದು ಸಾಲು ಸೇರಿಸಿದ್ದಕ್ಕೆ ಎಲ್ಲ ಮಾಡ್ಯೂಲುಗಳೂ ಸರಿಹೋದವು. ಮೊದಲ ಪರಿಹಾರ 2.15.0 ಪೂರ್ಣವಲ್ಲವೆಂದು ತಿಳಿದು, ಅದೇ ತಿಂಗಳಲ್ಲಿ 2.16.0, 2.17.0, 2.17.1 ಒಂದರ ಹಿಂದೊಂದು ಬಂದಾಗಲೂ ನಾವು ತಿದ್ದಿದ್ದು ಅದೇ ಒಂದು ಸಾಲನ್ನು. ಆ ಸಾಲಿನ ಜೊತೆಗೆ ‘ಬಿಕಾಸ್’ ಎಂಬ ಪದದಡಿ ಕಾರಣವನ್ನೂ ಬರೆದಿಡಬಹುದು. ಮುಂದೆ ಯಾರಾದರೂ ವಿಚಾರಿಸಿದಾಗ ಆ ಕಾರಣವೂ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲಸ ಬಿಟ್ಟುಹೋದವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುತ್ತ ಕೂರುವ ಕಷ್ಟ ಎಷ್ಟೋ ಕಡಿಮೆಯಾಗಿದೆ.

ಇದೇ ಆದೇಶದ ಬಗ್ಗೆ ನನ್ನ ದೊಡ್ಡ ದೂರೂ ಇದೆ. ಅದು ಒಂದು ಸಲಕ್ಕೆ ಒಂದು ಮಾಡ್ಯೂಲನ್ನು, ಅದರಲ್ಲಿಯೂ ಒಂದು ಕಾನ್ಫಿಗರೇಶನ್ ಅನ್ನು (ಒಂದು ಉದ್ದೇಶಕ್ಕೆಂದು ಗುಂಪುಮಾಡಿದ ಅವಲಂಬನೆಗಳನ್ನು) ಮಾತ್ರ ನೋಡುತ್ತದೆ. ಅರವತ್ತು ಮಾಡ್ಯೂಲುಗಳಲ್ಲಿ ಇಂಥ ಲೈಬ್ರರಿ ಎಲ್ಲೆಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕಾದರೆ ಟಾಸ್ಕ್ (ಗ್ರೇಡಲ್ ನಡೆಸಿಕೊಡುವ ಕೆಲಸ) ಒಂದನ್ನು ನಾವೇ ಬರೆದುಕೊಳ್ಳಬೇಕು. ದೊಡ್ಡ ಯೋಜನೆಗಳಿಗೆಂದೇ ಹೆಸರಾದ ಸಾಧನದಲ್ಲಿ ಇಷ್ಟು ವರ್ಷವಾದರೂ ಈ ಕೊರತೆ ಉಳಿದಿರುವುದು ಆಶ್ಚರ್ಯ.

ಆವೃತ್ತಿಗಳ ಪಟ್ಟಿಯನ್ನು ಒಂದೇ ಟಾಮ್ಲ್ (ಸೆಟ್ಟಿಂಗುಗಳನ್ನು ಬರೆದಿಡುವ ಸರಳ ಪಠ್ಯ ನಮೂನೆ) ಕಡತದಲ್ಲಿ ಇಡುವ ‘ವರ್ಷನ್ ಕ್ಯಾಟಲಾಗ್’ ಸೌಲಭ್ಯ ಗ್ರೇಡಲ್ 7.0ರಲ್ಲಿ ಪ್ರಯೋಗಾರ್ಥವಾಗಿ ಬಂದು, 2022ರಲ್ಲಿ 7.4ರೊಂದಿಗೆ ಸ್ಥಿರವಾಯಿತು. ಇದನ್ನು ಮೆಚ್ಚದವರನ್ನು ನಾನು ಕಂಡಿಲ್ಲ. ಆದರೆ ತಪ್ಪಾಗಿ ತಿಳಿದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ, ಮೊದಲ ವರ್ಷ ಆ ಸಾಲಿನಲ್ಲಿ ನಾನೂ ಇದ್ದೆ. ಕ್ಯಾಟಲಾಗಿನಲ್ಲಿ ಬರೆದ ಆವೃತ್ತಿಯೇ ಕೊನೆಗೆ ಬಳಕೆಯಾಗುತ್ತದೆ ಎಂಬ ಖಾತರಿ ಏನೂ ಇಲ್ಲ. ಅದು ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿಯಿದ್ದಂತೆ: ನಾವು ಏನು ಕೇಳುತ್ತೇವೆ ಎಂಬುದು ಅದರಲ್ಲಿದೆ, ಇನ್ನೊಂದು ಲೈಬ್ರರಿ ಅದಕ್ಕಿಂತ ಹೊಸದನ್ನು ಕೇಳಿದರೆ ಮೇಲೆ ಹೇಳಿದ ನಿಯಮದಂತೆ ಅದೇ ಬರುತ್ತದೆ. ನೇರವಾಗಿ ಕೇಳಿದ್ದಕ್ಕೂ ಬೆನ್ನುಹತ್ತಿ ಬಂದದ್ದಕ್ಕೂ ಸಮಾನವಾಗಿ ಅನ್ವಯಿಸುವ ಕಟ್ಟಳೆ ಬೇಕೆಂದರೆ ‘ಪ್ಲಾಟ್‌ಫಾರ್ಮ್’ ಎಂಬ ಬೇರೆ ಮಾಡ್ಯೂಲನ್ನು ಬರೆದು ಉಳಿದವೆಲ್ಲ ಅದನ್ನು ಅವಲಂಬಿಸುವಂತೆ ಮಾಡಬೇಕು. ಅಷ್ಟಕ್ಕೂ ತೃಪ್ತಿಯಾಗದಿದ್ದರೆ ಲಾಕ್ ಕಡತದಲ್ಲಿ ಪ್ರತಿಯೊಂದು ಆವೃತ್ತಿಯನ್ನೂ ಕಟ್ಟಿಹಾಕಬೇಕು. ಹೀಗೆ ಒಂದೇ ಅಗತ್ಯದ ಸುತ್ತ ಮೂರು ಉಪಾಯಗಳಿವೆ, ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ಹೊಸದಾಗಿ ತಂಡಕ್ಕೆ ಸೇರಿದವರಿಗೆ ಇದನ್ನು ವಿವರಿಸಲು ನನಗೆ ಈಗಲೂ ಒಂದು ಮಧ್ಯಾಹ್ನ ಹಿಡಿಯುತ್ತದೆ.

ವೇಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಮೆಥಡ್‌ನ ಒಳಗಿನ ಸಾಲನ್ನಷ್ಟೇ ತಿದ್ದಿದರೆ, ಅದನ್ನು ಬಳಸುವ ಇತರ ಮಾಡ್ಯೂಲುಗಳನ್ನು ಗ್ರೇಡಲ್ ಮತ್ತೆ ಕಂಪೈಲ್ ಮಾಡುವುದಿಲ್ಲ. ಅವಲಂಬನೆಯನ್ನು ‘ಎಪಿಐ’ ಎಂದು ಸಾರಿ ಹೇಳದೆ ‘ಇಂಪ್ಲಿಮೆಂಟೇಶನ್’ ಎಂದು ಒಳಗೇ ಇಟ್ಟುಕೊಂಡರೆ ಆ ಲೈಬ್ರರಿ ಬದಲಾದಾಗಲೂ ನೆರೆಯವರಿಗೆ ಅದರ ಬಿಸಿ ತಟ್ಟುವುದಿಲ್ಲ. ಈ ವೇಗಕ್ಕಾಗಿ ಕಂಪ್ಯೂಟರಿನ ಮೆಮೊರಿಯಲ್ಲಿ ಸದಾ ಕುಳಿತಿರುವ ‘ಡೀಮನ್’ ಪ್ರಕ್ರಿಯೆ ಮಾತ್ರ ಸ್ವಲ್ಪ ದುಬಾರಿ ಅತಿಥಿ: ಕೆಲಸವಿಲ್ಲದೆ ಮೂರು ಗಂಟೆ ಕಳೆದ ಮೇಲೆಯೇ ಅದು ಎದ್ದುಹೋಗುವುದು, ಎಡಿಟರ್ ಒಂದು ಜಾವಾವನ್ನೂ ಟರ್ಮಿನಲ್ ಇನ್ನೊಂದು ಜಾವಾವನ್ನೂ ಬಳಸುತ್ತಿದ್ದರೆ ಒಬ್ಬರ ಬದಲು ಇಬ್ಬರು ಬಂದು ಕೂರುತ್ತಾರೆ. ಎಂಟು ಜಿಬಿಯ ಲ್ಯಾಪ್‌ಟಾಪ್ ಇರುವವರು ಎರಡೂ ಕಡೆ ಒಂದೇ ಜಾವಾ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಇನ್ನು ಬಿಲ್ಡ್ ಕಡತವೇ ಪ್ರೋಗ್ರಾಮು ಎಂಬ ಸ್ವಾತಂತ್ರ್ಯದ ಮಾತು. ಮೇವನ್‌ನಲ್ಲಿ ಪ್ಲಗಿನ್ (ಸಾಧನಕ್ಕೆ ಹೆಚ್ಚುವರಿಯಾಗಿ ಸೇರಿಸುವ ಘಟಕ) ಇಲ್ಲದೆ ಆಗದ ಕೆಲಸವನ್ನು ಇಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಬಹುದು; ಆದಕಾರಣ ಎಲ್ಲರೂ ನಾಲ್ಕು ನಾಲ್ಕು ಸಾಲು ಬರೆಯುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ನಮ್ಮ ಬೇರು ಕಡತದಲ್ಲಿ ‘ಸಬ್‌ಪ್ರಾಜೆಕ್ಟ್ಸ್’ ಎಂಬ ಒಂದು ಖಂಡ ಹುಟ್ಟಿಕೊಂಡು, ಅದರೊಳಗೆ ಮಾಡ್ಯೂಲಿನ ಹೆಸರು ಇಂಥದಾದರೆ ಹೀಗೆ, ಅಂಥದಾದರೆ ಹಾಗೆ ಎಂಬ ಷರತ್ತುಗಳು ಬೆಳೆದು, ಒಂದು ಮಾಡ್ಯೂಲಿಗೆ ನಿಜವಾಗಿ ಯಾವ ಕಂಪೈಲರ್ ಸೆಟ್ಟಿಂಗ್ ಅನ್ವಯಿಸುತ್ತದೆ ಎಂದು ಹೇಳಬಲ್ಲವರು ತಂಡದಲ್ಲಿ ಇಬ್ಬರೇ ಉಳಿದಿದ್ದರು. ಮಾಡಿದ್ದುಣ್ಣೋ ಮಹಾರಾಯ. ಸಾಮಾನ್ಯ ಸೆಟ್ಟಿಂಗುಗಳನ್ನು ‘ಕನ್ವೆನ್ಷನ್ ಪ್ಲಗಿನ್’ಗಳಾಗಿ ಬೇರ್ಪಡಿಸಿ, ಪ್ರತಿ ಮಾಡ್ಯೂಲೂ ತಾನು ಯಾವ ಬಗೆಯದೆಂದು ಒಂದು ಸಾಲಿನಲ್ಲಿ ಹೇಳಿಕೊಳ್ಳುವಂತೆ ಮಾಡಬೇಕೆಂಬುದು ಗ್ರೇಡಲ್‌ನ ಅಧಿಕೃತ ಕೈಪಿಡಿಯೇ ಕೊಡುವ ಸಲಹೆ. ನಾವು ಅದನ್ನು ಓದಿದ್ದು ಗೋಜಲಾದ ಮೇಲೆ. ಆ ಶುಚಿಕಾರ್ಯಕ್ಕೆ ಮೂರು ತಿಂಗಳ ಬಿಡುವಿನ ವೇಳೆ ಹೋಯಿತು, ಮಾಡ್ಯೂಲುಗಳ ಬಿಲ್ಡ್ ಕಡತಗಳು ಹತ್ತು ಹದಿನೈದು ಸಾಲಿಗೆ ಇಳಿದವು.

ಭದ್ರತೆಯ ಸೌಲಭ್ಯಗಳು ಚೆನ್ನಾಗಿವೆ, ಆದರೆ ಯಾವುದೂ ತಾನಾಗಿ ಚಾಲೂ ಆಗಿರುವುದಿಲ್ಲ. ಇಳಿಸಿಕೊಂಡ ಪ್ರತಿಯೊಂದು ಕಡತದ ಮೊಹರನ್ನು ಪರೀಕ್ಷಿಸುವ ವ್ಯವಸ್ಥೆ 6.2ರಿಂದ ಇದೆ. ಸಂಸ್ಥೆಯೊಳಗಿನ ಲೈಬ್ರರಿಯ ಹೆಸರಿನಲ್ಲಿ ಸಾರ್ವಜನಿಕ ಭಂಡಾರದಿಂದ ಬೇರೊಂದು ನುಸುಳದಂತೆ, ಈ ಗುಂಪಿನ ಲೈಬ್ರರಿಗಳು ಇಂಥ ಭಂಡಾರದಿಂದ ಮಾತ್ರ ಬರತಕ್ಕದ್ದು ಎಂದು ವಿಧಿಸಲೂ ಬರುತ್ತದೆ. ಎರಡನೆಯದನ್ನು ಇಂದೇ ಹಾಕಿಕೊಳ್ಳಿ, ಹತ್ತು ನಿಮಿಷದ ಕೆಲಸ. ಮೊದಲನೆಯದು ಪ್ರತಿ ಬಾರಿ ಆವೃತ್ತಿ ಏರಿಸಿದಾಗಲೂ ಸಾವಿರಾರು ಸಾಲಿನ ಎಕ್ಸ್‌ಎಂಎಲ್ ಕಡತವನ್ನು ನವೀಕರಿಸಬೇಕಾದ ತಲೆನೋವನ್ನು ಜೊತೆಗೇ ತರುತ್ತದೆ.

ಗ್ರೇಡಲ್ ಅಪಾಚೆ 2.0 ಪರವಾನಗಿಯಡಿ ಉಚಿತ. ಐದಾರು ಮಾಡ್ಯೂಲುಗಳ ಯೋಜನೆಯಿದ್ದು ಬಿಲ್ಡ್‌ನಲ್ಲಿ ವಿಶೇಷವೇನೂ ಇಲ್ಲದಿದ್ದರೆ ಮೇವನ್‌ನಲ್ಲಿಯೇ ಇರಿ ಎನ್ನುತ್ತೇನೆ. ಹತ್ತು ವರ್ಷದ ಹಿಂದಿನ ಮೇವನ್ ಕಡತ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಓಡುತ್ತದೆ. ಗ್ರೇಡಲ್‌ನಲ್ಲಿ ಆ ನೆಮ್ಮದಿಯಿಲ್ಲ: 7.0ರಲ್ಲಿ ಅವಲಂಬನೆಗಳನ್ನು ಸಾರಲು ಬಳಸುತ್ತಿದ್ದ ಹಳೆಯ ‘ಕಂಪೈಲ್’ ಪದವನ್ನೇ ತೆಗೆದುಹಾಕಿದರು, 2025ರಲ್ಲಿ ಬಂದ 9.0 ಓಡಬೇಕಾದರೆ ಕನಿಷ್ಠ ಜಾವಾ 17 ಇರಬೇಕು. ಮಾಡ್ಯೂಲುಗಳ ಸಂಖ್ಯೆ ಇಪ್ಪತ್ತು ಮೂವತ್ತನ್ನು ದಾಟಿದ್ದು, ಬಿಲ್ಡ್ ಅನ್ನು ತನ್ನ ಕೆಲಸವೆಂದು ಭಾವಿಸಿ ನೋಡಿಕೊಳ್ಳುವ ಒಬ್ಬರಾದರೂ ತಂಡದಲ್ಲಿದ್ದರೆ ಧೈರ್ಯವಾಗಿ ಗ್ರೇಡಲ್‌ಗೆ ಬರಬಹುದು. ನಾವು 9ಕ್ಕೆ ಏರಿದ್ದೇವೆ. ಅದು ಬಹುವಾಗಿ ಶಿಫಾರಸು ಮಾಡುವ, ಬಿಲ್ಡ್‌ನ ಸಿದ್ಧತೆಯ ಹಂತದ ಫಲಿತಾಂಶವನ್ನು ಮುಂದಿನ ಸಲಕ್ಕೆ ಉಳಿಸಿಡುವ ‘ಕಾನ್ಫಿಗರೇಶನ್ ಕ್ಯಾಶ್’ ಅನ್ನು ಮಾತ್ರ ಇನ್ನೂ ಚಾಲೂ ಮಾಡಲಾಗಿಲ್ಲ. ಅದಕ್ಕೆ ಹೊಂದಿಕೊಳ್ಳದ ಪ್ಲಗಿನ್ ಒಂದು ಉಳಿದಿದೆ, 2019ರಲ್ಲಿ ಅದನ್ನು ಬರೆದವನು ನಾನೇ.