ಐವರಿ: ಟ್ವಿಟರ್‌ನಿಂದ ಮಾಸ್ಟಡಾನ್‌ಗೆ ಬಂದ ಆ್ಯಪ್, ದೀರ್ಘಕಾಲದ ಬಳಕೆಯ ನಂತರ

2023ರ ಜನವರಿಯಲ್ಲಿ ಟ್ವಿಟರ್ ಸಂಸ್ಥೆಯು ಯಾವ ಮುನ್ಸೂಚನೆಯನ್ನೂ ಕೊಡದೆ, ಟ್ವಿಟರ್ ಓದಲು ಹೊರಗಿನವರು ರೂಪಿಸಿದ್ದ ಆ್ಯಪ್‌ಗಳ ಸಂಪರ್ಕವನ್ನು ಕಡಿದುಹಾಕಿತು. ಕೆಲವೇ ದಿನಗಳಲ್ಲಿ ನಿಯಮಾವಳಿಯನ್ನೇ ತಿದ್ದಿ ಅಂಥ ಆ್ಯಪ್‌ಗಳನ್ನು ನಿಷೇಧಿಸಿತು. ಟ್ವೀಟ್‌ಬಾಟ್, ಅದಕ್ಕಿಂತ ಹಳೆಯದಾದ ಟ್ವಿಟರಿಫಿಕ್ ಎರಡೂ ಒಂದೇ ಏಟಿಗೆ ನಿಂತುಹೋದವು. ಟ್ವೀಟ್‌ಬಾಟ್ ರೂಪಿಸಿದ್ದ ಟ್ಯಾಪ್‌ಬಾಟ್ಸ್ ಎಂಬ ಪುಟ್ಟ ಸಂಸ್ಥೆ ಅದೇ ತಿಂಗಳು, ಟ್ವಿಟರ್‌ನಂಥದೇ ಸಾಮಾಜಿಕ ಜಾಲತಾಣವಾದ ಮಾಸ್ಟಡಾನ್‌ಗಾಗಿ ಐವರಿಯನ್ನು ಬಿಡುಗಡೆ ಮಾಡಿತು. ಅಂದಿನಿಂದ ಐಫೋನಿನಲ್ಲಿ, ಮುಂದೆ ಮ್ಯಾಕ್ ಆವೃತ್ತಿ ಬಂದಾಗ ಅದರಲ್ಲಿಯೂ ಚಂದಾ ಕೊಟ್ಟು ಬಳಸುತ್ತಿದ್ದೇನೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಓದಿನ ಕ್ರಮ. ನಾನು ಅನುಸರಿಸುವವರ ಬರಹಗಳು ಬರೆದ ಹೊತ್ತಿನ ಅನುಕ್ರಮದಲ್ಲಿಯೇ ಬರುತ್ತವೆ. ನಡುವೆ ಜಾಹೀರಾತಾಗಲಿ, ಯಾರೋ ಶಿಫಾರಸು ಮಾಡಿದ ಅಪರಿಚಿತರ ಜಗಳವಾಗಲಿ ನುಸುಳುವುದಿಲ್ಲ. ಬೆಳಿಗ್ಗೆ ವೈಟ್‌ಫೀಲ್ಡ್ ಕಡೆಯ ಮೆಟ್ರೊದಲ್ಲಿ ನಿಂತು ಓದುತ್ತಾ ಇಂದಿರಾನಗರದ ಹತ್ತಿರ ನಿಲ್ಲಿಸಿದ ಬರಹವೇ, ಕಚೇರಿಯಲ್ಲಿ ಮ್ಯಾಕ್ ತೆರೆದಾಗ ಎದುರಿಗಿರುತ್ತದೆ. ಐಕ್ಲೌಡ್ ಮೂಲಕ ಓದಿನ ಜಾಗವನ್ನು ನೆನಪಿಟ್ಟುಕೊಳ್ಳುವ ಈ ಸೌಲಭ್ಯಕ್ಕಾಗಿಯೇ ನಾನು ವರ್ಷ ವರ್ಷವೂ ಚಂದಾ ನವೀಕರಿಸುತ್ತೇನೆ. ಬೇಡದ ವಿಷಯವನ್ನು ಪದ ಕೊಟ್ಟು ಮರೆಮಾಡುವ ಫಿಲ್ಟರ್‌ಗಳು ಚುನಾವಣೆಯ ದಿನಗಳಲ್ಲಿ ಬಹಳ ನೆಮ್ಮದಿ ಕೊಟ್ಟಿವೆ.

ಕನ್ನಡದಲ್ಲಿ ಬರೆಯುವವರಿಗೆ ಮಾಸ್ಟಡಾನ್‌ನಿಂದ ಇನ್ನೊಂದು ಅನುಕೂಲವಿದೆ. ಸಾಮಾನ್ಯವಾಗಿ ಅಲ್ಲಿನ ಮಿತಿ 500 ಅಕ್ಷರ, ಮತ್ತು ಗುಣಿತಾಕ್ಷರವನ್ನು ಅದು ಒಂದೇ ಎಂದು ಎಣಿಸುತ್ತದೆ. ಟ್ವಿಟರ್‌ನ 280ರ ಲೆಕ್ಕದಲ್ಲಿ 'ಕಿ' ಎಂದರೆ ಎರಡು, ಏಕೆಂದರೆ ಅಲ್ಲಿ ಗುಡಿಸಿಗೂ ಬೇರೆ ಲೆಕ್ಕ. ಒಂದು ಪುಸ್ತಕದ ಬಗ್ಗೆ ನಾಲ್ಕು ಮಾತನ್ನು ಮೊಟಕುಗೊಳಿಸದೆ ಬರೆಯಲು ಈ ವ್ಯತ್ಯಾಸವೇ ಸಾಕಾಗಿದೆ.

ಟ್ವಿಟರ್‌ನಲ್ಲಿ ಆದದ್ದು ಇಲ್ಲಿ ಅಷ್ಟು ಸುಲಭವಾಗಿ ಮರುಕಳಿಸದು ಎಂಬ ನನ್ನ ಭರವಸೆಗೆ ಕಾರಣವಿದೆ. ಮಾಸ್ಟಡಾನ್ ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ನಡೆಸಬಹುದಾದ ಮುಕ್ತ ತಂತ್ರಾಂಶ. ಅದರ ಸರ್ವರ್‌ಗಳು ಪರಸ್ಪರ ಮಾತನಾಡುವ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯನ್ನು ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲಿ ಮಾನಕವೆಂದು ಅಂಗೀಕರಿಸಿದೆ. ಎಲ್ಲ ಸರ್ವರ್‌ಗಳಿಗೂ ಒಬ್ಬನೇ ಒಡೆಯನಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನಾನು ಅನುಭವಿಸಿದ್ದೇನೆ. ನಾನು ಮೊದಲು ಸೇರಿದ್ದ ಪುಟ್ಟ ಸರ್ವರನ್ನು ನಡೆಸುತ್ತಿದ್ದವರು ಖರ್ಚು ನಿಭಾಯಿಸಲಾಗದೆ ಅದನ್ನು ಮುಚ್ಚಿದರು. ಖಾತೆಯನ್ನು ಬೇರೆಡೆಗೆ ವರ್ಗಾಯಿಸಿದಾಗ ನನ್ನನ್ನು ಅನುಸರಿಸುತ್ತಿದ್ದವರು ಜೊತೆಗೆ ಬಂದರು, ಹಳೆಯ ಬರಹಗಳು ಬರಲಿಲ್ಲ. ಅವುಗಳ ಪ್ರತಿಯನ್ನು ಮೊದಲೇ ಇಳಿಸಿಕೊಂಡಿದ್ದರಿಂದ ಕಳೆದುಹೋಗಲಿಲ್ಲ ಎಂಬುದಷ್ಟೇ ಸಮಾಧಾನ. ಇದು ಆ್ಯಪ್‌ನ ದೋಷವಲ್ಲವಾದರೂ ಹೊಸಬರು ಸರ್ವರನ್ನು ನೋಡಿ ಆರಿಸಿಕೊಳ್ಳಬೇಕು.

ಬೆಂಗಳೂರಿನವರಿಗೆ ದೊಡ್ಡ ಕೊರತೆಯೆಂದರೆ ಊರಿನ ಸುದ್ದಿ. ಮಳೆ ಬಂದು ಅಂಡರ್‌ಪಾಸ್ ತುಂಬಿದಾಗ ಸಂಚಾರ ಪೊಲೀಸರು ಸೂಚನೆ ಹಾಕುವುದು ಇಂದಿಗೂ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್‌ನಲ್ಲಿಯೇ. ಹಾಗಾಗಿ ಆ ಆ್ಯಪನ್ನು ಫೋನಿನಿಂದ ತೆಗೆಯಲು ನನಗೆ ಸಾಧ್ಯವಾಗಿಲ್ಲ. ಸಾರ್ವಜನಿಕ ಸಂಸ್ಥೆಗಳು ಒಂದು ಖಾಸಗಿ ಕಂಪನಿಯ ಅಂಗಳದಲ್ಲಿ ಮಾತ್ರ ಮಾತನಾಡುವುದು ಸರಿಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಚಂದಾ ಕೊಡದಿದ್ದರೆ ಐವರಿಯಲ್ಲಿ ಸೌಲಭ್ಯಗಳು ಸೀಮಿತವಾಗಿರುವುದರಿಂದ ಪ್ರಾಯೋಗಿಕ ಅವಧಿಯಲ್ಲಿ ಚೆನ್ನಾಗಿ ಬಳಸಿ ನೋಡಿಯೇ ತೀರ್ಮಾನಿಸುವುದು ಒಳ್ಳೆಯದು. ಆಂಡ್ರಾಯ್ಡ್‌ನಲ್ಲಿ ಇದು ಲಭ್ಯವಿಲ್ಲ; ಆ ಫೋನ್ ಇರುವವರು ಉಚಿತವೂ ಮುಕ್ತ ತಂತ್ರಾಂಶವೂ ಆದ ಟಸ್ಕಿಯಿಂದ ಆರಂಭಿಸಬಹುದು.